ಲಿಂಬಾನಿಯ ಕಾಲುಚೀಲ

"ತಾಯಿ ಎಲ್ಲಿ? ಮೊದಲು ತಾಯಿನ ಕಳಿಸಿ!"

ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆಯೇ ಟಿವೊಂಗೆ ಹೇಳಿದಳು. ಬೆಳಗಿನಿಂದ ನಿಂತೇ ಇದ್ದಳು. ಮರದ ಕೊಂಬೆಗೆ ತೂಗುಹಾಕಿದ ಆ ತಕ್ಕಡಿಯಲ್ಲಿ ಒಂದಾದ ಮೇಲೊಂದು ಮಗು ಕೂತು, ಅತ್ತು, ಇಳಿದು ಹೋಗಿತ್ತು.

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

ಟಿವೊಂಗೆ ತಲೆ ಎತ್ತಿ ನೋಡಿದಳು. ಎದುರಿಗೆ ಎತ್ತರದ ಗಂಡಸು. ಬೆನ್ನಿಗೊಂದು ಮಗು, ಎದೆಗೊಂದು ಮಗು. ಎರಡನ್ನೂ ಹೂವಿನ ಚಿತ್ರದ ಹಳೆಯ ಬಟ್ಟೆಯಲ್ಲಿ ಹೆಂಗಸರಂತೆಯೇ ಬಿಗಿದು ಕಟ್ಟಿಕೊಂಡಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಸಿಸ್ಟರ್, ತಾಯಿ ಅವನೇ! ಹಾಲು ಬರುತ್ತಾ ಕೇಳಿ!" ಸಾಲಿನಿಂದ ನಾಬಾಂಡಾ ಕೂಗಿದಳು. ಆ ಊರಿನಲ್ಲಿ ಅವಳ ನಾಲಿಗೆಗೆ ಹೆದರದವರಿಲ್ಲ. ಮತ್ತೆ ನಗು.

ಟಿವೊಂಗೆಗೆ ರೇಗಿತು. "ಗಂಡಸರ ಕೈಲಿ ಮಕ್ಕಳನ್ನ ಕಳಿಸಿ ಮನೇಲಿ ಕೂರೋ ತಾಯಂದಿರಿಗೆ ನಾನು ಏನೂ ಕೊಡಲ್ಲ. ನಾಳೆ ಅವಳೇ ಬರಲಿ."

"ಹೇಳಿದ್ರೆ ಬರೋ ಜಾಗದಲ್ಲಿ ಅವಳಿಲ್ಲ ಸಿಸ್ಟರ್." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಗುಡ್ಡದ ಆಚೆ ಮಣ್ಣಲ್ಲಿ ಮಲಗಿದ್ದಾಳೆ. ನಾನು ಅವಳ ಅಣ್ಣ, ಲಾಮೆಕ್."

ನಗು ನಿಂತಿತು.

ಟಿವೊಂಗೆ ತಕ್ಕಡಿ ಬಿಟ್ಟು ಅವನ ಹತ್ತಿರ ಬಂದಳು. 'ಅಯ್ಯೋ... ಏನು ಮಾತಾಡಿಬಿಟ್ಟೆ ನಾನು!'

"ಮೊದಲು ಹುಡುಗನ್ನ ತೂಗಿ ಸಿಸ್ಟರ್. ಇವಳು ಯಾಂಕೊ, ಗಟ್ಟಿಗಿತ್ತಿ. ಇವನು ಲಿಂಬಾನಿ... ಇವನದ್ದೇ ಚಿಂತೆ."

ಎದೆಯ ಮೇಲಿದ್ದ ಮಗುವನ್ನು ಬಿಚ್ಚಿ ಅವಳ ಕೈಗಿಟ್ಟ. ಒಣಗಿದ ಹಕ್ಕಿಯಷ್ಟು ಹಗುರ! ತೋಳಿಗೆ ಅಳತೆಯ ಪಟ್ಟಿ ಸುತ್ತಿದಳು. ಪಟ್ಟಿ ಕೆಂಪು ಬಣ್ಣ ತೋರಿಸಿತು, ಅಂದರೆ ಮಗು ತೀರಾ ಸೊರಗಿದೆ. ಲಿಂಬಾನಿ ಅಳಲಿಲ್ಲ. ಅವಳ ಬೆರಳು ಹಿಡಿದುಕೊಂಡು, ಬಿಡದೆ, ಅವಳ ಮುಖವನ್ನೇ ನೋಡಿದ.

ಆ ಬೆರಳನ್ನು ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

* * *

ಟಿವೊಂಗೆ ದೇಶದ ಉತ್ತರ ಭಾಗದವಳು, ತುಂಬುಕಾ ಜನಾಂಗದ ಹುಡುಗಿ. ನರ್ಸಿಂಗ್ ಮುಗಿಸಿದ ಮೇಲೆ ದೊಡ್ಡ ಆಸ್ಪತ್ರೆಯಲ್ಲೇ ಉಳಿಯಬಹುದಿತ್ತು. ಅವಳು ಸೊರಗಿದ ಮಕ್ಕಳ ಆರೈಕೆಯಲ್ಲಿ ವಿಶೇಷ ತರಬೇತಿ ಪಡೆದು, ಎನ್‌ಚಿಸಿ ಬೆಟ್ಟದ ಕೆಳಗಿನ ಈ ಚೇವಾ ಜನಾಂಗದ ಹಳ್ಳಿಗಳನ್ನು ಕೇಳಿ ಪಡೆದಳು. ಮಗು ಸೊರಗುವುದು ಆಸ್ಪತ್ರೆಯಲ್ಲಲ್ಲ, ಮನೆಯ ಒಲೆ ಮುಂದೆ. ತಾನು ಅಲ್ಲಿರಬೇಕು ಎಂಬುದು ಅವಳ ಹಟ.

ಮರುವಾರವೇ ಲಾಮೆಕ್ ಮನೆಯ ಅಂಗಳದಲ್ಲಿ ಸೈಕಲ್‌ನಿಂದ ಇಳಿದಳು.

"ಬಾ ಮಗಳೇ, ಬಾ," ಎಂದು ಚಾಪೆ ಹಾಸಿದಳು ಅವನ ತಾಯಿ ಎನೆಲೇಸಿ ಅಜ್ಜಿ. "ನನ್ನ ಮಗಳು ಅವಳಿ ಹೆತ್ತು ಕೊಟ್ಟು ಹೋದ್ಲು. ಅಳಿಯ ದಕ್ಷಿಣದ ಗಣಿಗೆ ಹೋದೋನು ತಿರುಗಿ ನೋಡ್ಲಿಲ್ಲ. ನಮ್ಮಲ್ಲಿ ಮಕ್ಕಳು ಸೋದರಮಾವನ ಪಾಲು. ನನ್ನ ಮಗ ಇನ್ನೂ ಮದುವೆ ಇಲ್ದೆ ಎರಡು ಮಕ್ಕಳ ಅಪ್ಪ ಆದ!"

ಲಾಮೆಕ್ ಅಂಗಳದ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಗ್ರೀಸ್ ಕೈಯನ್ನು ಬೂದಿಯಿಂದ ತಿಕ್ಕಿ ತೊಳೆದು ಬಂದು ಕೂತ. ಕಡಲೆಕಾಯಿ ಪೇಸ್ಟಿನ ಪೊಟ್ಟಣವನ್ನು ಹೇಗೆ ಹಿಂಡಬೇಕು, ಸ್ವಲ್ಪ ಸ್ವಲ್ಪವಾಗಿ ಹೇಗೆ ನೆಕ್ಕಿಸಬೇಕು, ಎಲ್ಲ ಟಿವೊಂಗೆ ತೋರಿಸಿಕೊಟ್ಟಳು.

"ಇದು ಮದ್ದು. ನೀವು ತಿನ್ನೋ ಹಾಗಿಲ್ಲ."

"ಒಂದ್ಸಲ ರುಚಿ ನೋಡಿದೆ ಸಿಸ್ಟರ್. ಕಳ್ಳತನ ಒಪ್ಕೋತೀನಿ."

ಅವಳು ನಕ್ಕಳು. ಎಷ್ಟು ದಿನದ ಮೇಲೆ ನಕ್ಕಳೋ!

ಹಾಗೆ ಶುರುವಾಯಿತು. ವಾರಕ್ಕೊಮ್ಮೆ ಭೇಟಿ. ಅವಳು ಬರುವಷ್ಟರಲ್ಲಿ ಅಂಗಳ ಗುಡಿಸಿರುತ್ತಿತ್ತು. ಅಜ್ಜಿ ಗೆಣಸು ಬೇಯಿಸಿಟ್ಟಿರುತ್ತಿದ್ದಳು. ಯಾಂಕೊ ಓಡಿಬಂದು ಅವಳ ಚೀಲದೊಳಗೆ ಕೈ ಹಾಕುತ್ತಿದ್ದಳು. ಲಿಂಬಾನಿ ಮಾತ್ರ ನಿಧಾನ. ಒಂದು ವಾರ ಚೇತರಿಸಿಕೊಂಡರೆ ಇನ್ನೊಂದು ವಾರ ಕೆಮ್ಮು, ಭೇದಿ. ಆದರೂ ಅವಳ ಮಡಿಲಿಗೆ ಬಂದರೆ ಸಾಕು, ಬೆರಳು ಹಿಡಿಯುತ್ತಿದ್ದ.

"ನಿಮ್ಮ ಕಡೆ ಮದುವೆಗೆ ಹೆಣ್ಣಿನ ಮನೆಯೋರು ದನ ಕೇಳ್ತಾರಂತಲ್ಲ?" ಅಜ್ಜಿ ಒಂದು ದಿನ ಬೇಕೆಂದೇ ಮಾತು ತೆಗೆದಳು.

"ಕೇಳ್ತಾರೆ ಅಜ್ಜಿ."

"ನಮ್ಮಲ್ಲಿ ಆ ರಗಳೆ ಇಲ್ಲ. ಗಂಡೇ ಹೆಣ್ಣಿನ ಮನೆ ಬಾಗಿಲಿಗೆ ಹೋಗಿ ಇರ್ತಾನೆ. ನಮ್ಮ ಹತ್ರ ದನ ಇಲ್ಲ ಮಗಳೇ, ಒಂದು ಗಂಡಿದೆ. ಎರಡು ಮಕ್ಕಳ ಸಮೇತ!"

"ಅಮ್ಮಾ!" ಲಾಮೆಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು.

ಟಿವೊಂಗೆ ಲಿಂಬಾನಿಯ ತಲೆಗೆ ಮುಖ ಒತ್ತಿ ಅಡಗಿಸಿಕೊಂಡಳು. 'ನಾನು ನರ್ಸ್... ಇದು ನನ್ನ ಕೆಲಸ... ಅಷ್ಟೇ...'

ಅಷ್ಟೇ ಆಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಅವರಿಬ್ಬರ ಕೈ ಕೈ ಸೋಕಿದ್ದು ಮಗುವನ್ನು ಕೊಟ್ಟು ತೆಗೆದುಕೊಳ್ಳುವಾಗ ಮಾತ್ರ. ಆದರೆ ಊರಿಗೆ ಅಷ್ಟು ಸಾಕಾಯಿತು.

* * *

"ಎಳೆ ಮಕ್ಕಳಿರೋ ಮನೆ ಅದು!" ಬೋರ್‌ವೆಲ್ ಹತ್ತಿರ ಕೊಡ ತುಂಬಿಸುತ್ತ ನಾಬಾಂಡಾ ಎಲ್ಲರಿಗೂ ಕೇಳುವಂತೆ ಹೇಳಿದಳು. "ಸಾಕೋನು ಮೈ ತಣ್ಣಗೆ ಇಟ್ಕೋಬೇಕು. ಆ ಮನೇಲಿ ಈಗ ಬಿಸಿ ಜಾಸ್ತಿ ಆಗಿದೆ. ನೋಡ್ತಾ ಇರಿ, ಆ ಹುಡುಗನ ಮೈ ಊದಿಕೊಳ್ಳುತ್ತೆ!"

ಆ ಊರಿನವರು ಅದಕ್ಕೆ ಮ್ದುಲೊ ಅನ್ನುತ್ತಾರೆ. ಮಗು ಎಳೆಯದಾಗಿರುವಾಗ ಅದನ್ನು ಸಾಕುವವರು ಗಂಡುಹೆಣ್ಣಿನ ಸಂಗ ಮಾಡಬಾರದು. ಮಾಡಿದರೆ ಅವರ ಬಿಸಿ ಮಗುವಿಗೆ ತಗಲಿ, ಕಾಲು ಊದಿ, ಮುಖ ಊದಿ, ಮಗು ಕೈತಪ್ಪುತ್ತದೆ. ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದ ಮಾತು.

ಟಿವೊಂಗೆಯ ಕಿವಿಗೆ ಬಿದ್ದಾಗ ಅವಳು ನಕ್ಕುಬಿಟ್ಟಳು. ಮೈ ಊದುವುದು ಸತ್ವವಿಲ್ಲದ ಊಟದಿಂದ ಎಂದು ಎಷ್ಟು ತಾಯಂದಿರಿಗೆ ಅವಳೇ ಹಾಡು ಕಟ್ಟಿ ಕಲಿಸಿರಲಿಲ್ಲ!

ಲಾಮೆಕ್ ನಗಲಿಲ್ಲ.

ಆ ವಾರ ಅವನು ಅಂಗಳದಲ್ಲಿ ಕಾಯಲಿಲ್ಲ. ಊರ ಹೊರಗಿನ ದಾರಿಯಲ್ಲೇ ಅವಳನ್ನು ತಡೆದ.

"ಸಿಸ್ಟರ್... ಇನ್ನು ಬರ್ಬೇಡಿ."

"ಏನು?"

"ಬೇರೆ ಯಾರನ್ನಾದ್ರೂ ಕಳಿಸಿ. ನೀವು ಬರ್ಬೇಡಿ."

"ನಾಬಾಂಡಾ ಮಾತು ನೀವೂ ನಂಬ್ತೀರಾ? ನಾನು ಬರೋದು ಮಕ್ಕಳಿಗೋಸ್ಕರ, ನಿಮಗೋಸ್ಕರ ಅಲ್ಲ!"

ಅವನು ಕಾಲಬೆರಳಿಂದ ಮಣ್ಣು ಕೆರೆಯುತ್ತ ನಿಂತ. "ನೀವು ಬರೋ ದಿನ ನಾನು ಬೆಳಗ್ಗೇನೇ ಗಡ್ಡ ಕೆರ್ಕೋತೀನಿ ಸಿಸ್ಟರ್. ಮಕ್ಕಳಿಗೋಸ್ಕರ ಯಾರಾದ್ರೂ ಗಡ್ಡ ಕೆರ್ಕೋತಾರಾ?"

ಕೇಳಬೇಕೆಂದು ಅವಳು ಎಷ್ಟು ದಿನ ಕಾದಿದ್ದ ಮಾತು! ಅದನ್ನು ಹೀಗೆ, ಬಾಗಿಲು ಮುಚ್ಚುವ ಹೊತ್ತಿಗೆ ಹೇಳಬೇಕೆ?

"ಅಂದ್ರೆ... ನಾನು ಆ ಮಗುವಿಗೆ ರೋಗನಾ?"

ಅವನು ಊರಿನ ಕಡೆ ಮುಖ ತಿರುಗಿಸಿದ. ಅದೇ ಅವಳ ಎದೆಯನ್ನು ಇರಿಯಿತು.

"ಸರಿ." ಸೈಕಲ್ ತಿರುಗಿಸಿದಳು. ಕಣ್ಣೀರು ಅವನಿಗೆ ಕಾಣದಿರಲಿ ಎಂದು ತಿರುವು ದಾಟುವವರೆಗೂ ತಲೆ ಎತ್ತಿಯೇ ತುಳಿದಳು.

* * *

ಅವಳ ಬದಲು ಆರೋಗ್ಯ ಕೇಂದ್ರದ ಕಾರ್ಯಕರ್ತ ಗ್ರೇಶಮ್ ಹೋಗತೊಡಗಿದ. ಐದು ಮಕ್ಕಳ ತಂದೆ, ಒಳ್ಳೆಯವನು, ನಗುಮುಖದವನು. ಆದರೆ ಅವಳ ತರಬೇತಿ ಅವನಿಗಿರಲಿಲ್ಲ.

ಅವನು ಬರುವ ದಾರಿಯನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು. ಬಂದಮೇಲೆ ಏನೂ ಬೇಡವೆಂಬಂತೆ ಬ್ಯಾಂಡೇಜು ಸುತ್ತುತ್ತ ಕೂರುತ್ತಿದ್ದಳು.

"ಸಿಸ್ಟರ್, ಶುಭ ಸುದ್ದಿ!" ಒಂದು ದಿನ ಗ್ರೇಶಮ್ ಒಳಗೆ ಕಾಲಿಡುತ್ತಲೇ ಹೇಳಿದ. "ಆ ಅವಳಿ ಹುಡುಗ ತೂಕ ಹೆಚ್ಚಿಸಿಕೊಂಡಿದ್ದಾನೆ! ಕೆನ್ನೆ ನೋಡ್ಬೇಕು ನೀವು, ಬನ್ನು! ಕಾಲಿಗೆ ಹಳದಿ ಕಾಲುಚೀಲ ಬೇರೆ, ಸಾಹೇಬರ ಮಗನ ಹಾಗೆ. ಇನ್ನು ಪೊಟ್ಟಣ ಬೇಡ ಅಂತ ಹೇಳಿ ಬಂದೆ. ಬೇರೆ ಮಕ್ಕಳಿಗಾದ್ರೂ ಆಗುತ್ತೆ."

ಬೆವರು ಸುರಿಸುವ ಬೇಸಿಗೆ. ಅಂಥ ಬಿಸಿಲಿನಲ್ಲಿ ಕಾಲುಚೀಲ!

ಅವಳು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. 'ಪಾದ ಒತ್ತಿ ನೋಡಿದ್ರಾ?'

ಸೊರಗಿದ ಮಗುವಿನ ಮೈಯಲ್ಲಿ ನೀರು ತುಂಬಿದರೂ ತಕ್ಕಡಿ ಏರುತ್ತದೆ. ಕೆನ್ನೆ ತುಂಬಿದಂತೆ ಕಾಣುತ್ತದೆ. ಹೆಬ್ಬೆರಳಿನಿಂದ ಪಾದ ಒತ್ತಿದರೆ ಬಿದ್ದ ಗುಳಿ ಮೇಲೇಳುವುದಿಲ್ಲ. ಇದು ಅವಳು ಕಲಿತ ಮೊದಲ ಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

ಕೇಳಿದ್ದರೆ ಮತ್ತೆ ಆ ಅಂಗಳಕ್ಕೆ ಹೋಗಬೇಕಾಗುತ್ತಿತ್ತು. ಬೇಡ ಅಂದವನ ಮುಖ ನೋಡಬೇಕಾಗುತ್ತಿತ್ತು. 'ನಾನಿಲ್ಲದಿದ್ದರೂ ಮಗು ಚೆನ್ನಾಗಿದೆಯಲ್ಲ... ನಾನಿಲ್ಲದಿದ್ದರೇ ಚೆನ್ನಾಗಿದೆ...' ಆ ನೋವಿನಲ್ಲಿ ಪಾಠ ಮುಳುಗಿಹೋಯಿತು.

"ಒಳ್ಳೇದಾಯ್ತು," ಎಂದಷ್ಟೇ ಹೇಳಿದಳು.

* * *

ಅವರು ಬಂದಾಗ ನೆತ್ತಿಯ ಮೇಲೆ ಸೂರ್ಯನಿದ್ದ.

ಲಾಮೆಕ್ ಸೈಕಲ್ ತುಳಿದುಕೊಂಡು ಬಂದಿದ್ದ. ಹಿಂದಿನ ಕ್ಯಾರಿಯರ್ ಮೇಲೆ ಅಜ್ಜಿ, ಅವಳ ತೋಳಲ್ಲಿ ಲಿಂಬಾನಿ.

"ಮಗಳೇ, ಕಣ್ಣು ಬಿಡ್ತಿಲ್ಲ! ನಿನ್ನೆಯಿಂದ ಏನೂ ನುಂಗಿಲ್ಲ!"

ಟಿವೊಂಗೆ ಮಗುವನ್ನು ಕಿತ್ತುಕೊಂಡಳು. ಬನ್ನಿನಂಥ ಕೆನ್ನೆ. ರೆಪ್ಪೆ ಬಿಚ್ಚದಷ್ಟು ಊದಿದ ಕಣ್ಣು. ಹಳದಿ ಕಾಲುಚೀಲ ಎಳೆದಳು. ಅದು ಅಂಟಿಕೊಂಡಿತ್ತು. ಬಿಗಿದಿದ್ದ ಜಾಗದಲ್ಲಿ ಆಳವಾದ ಗೆರೆ.

ಹೆಬ್ಬೆರಳಿಟ್ಟು ಒತ್ತಿದಳು.

ಗುಳಿ ಬಿತ್ತು. ಬಿದ್ದದ್ದು ಮೇಲೇಳಲಿಲ್ಲ.

"ಯಾಕೆ ಮುಚ್ಚಿದ್ರಿ?" ಅವಳು ಕಿರುಚಿದಳು. ಇಡೀ ವರಾಂಡ ತಿರುಗಿ ನೋಡಿತು. "ಕಾಲು ಯಾಕೆ ಮುಚ್ಚಿದ್ರಿ ಲಾಮೆಕ್? ನೀವು ನೋಡಿಲ್ವಾ? ನೋಡಿಯೂ ಮುಚ್ಚಿಟ್ರಾ?"

ಲಾಮೆಕ್ ಗೋಡೆಗೊರಗಿ ನಿಂತಿದ್ದ. ಕಣ್ಣು ಆ ಕಾಲುಚೀಲದ ಮೇಲೇ ಇತ್ತು.

ಗ್ರೇಶಮ್ ಆಂಬುಲೆನ್ಸಿಗೆ ಫೋನ್ ಮಾಡಿದ. ಟಿವೊಂಗೆ ಸಕ್ಕರೆ ನೀರನ್ನು ಹನಿಹನಿಯಾಗಿ ಬಿಟ್ಟಳು, ಸೂಜಿ ಚುಚ್ಚಿದಳು, ಎದೆಗವಚಿ ಬೆಚ್ಚಗಿಟ್ಟಳು. ತಾನು ಕಲಿತದ್ದನ್ನೆಲ್ಲ ಮಾಡಿದಳು. ಜೊತೆಗೆ ಯಾವ ತರಬೇತಿಯಲ್ಲೂ ಇಲ್ಲದ್ದನ್ನೂ ಮಾಡಿದಳು... ಅವನ ಕಿವಿಯಲ್ಲಿ ತುಂಬುಕಾ ಭಾಷೆಯ ಜೋಗುಳ ಹಾಡಿದಳು. ಬೆರಳನ್ನು ಅವನ ಅಂಗೈಯಲ್ಲಿಟ್ಟಳು.

ಈ ಸಲ ಅವನು ಹಿಡಿಯಲಿಲ್ಲ.

ಆಂಬುಲೆನ್ಸ್ ಬರುವ ಮುಂಚೆಯೇ ಎಲ್ಲ ಮುಗಿದಿತ್ತು.

* * *

ಸಾವಿನ ಮನೆಗೆ ಹೋಗದೆ ಇರುವವರು ಆ ಸೀಮೆಯಲ್ಲಿ ಮನುಷ್ಯರ ಲೆಕ್ಕಕ್ಕಿಲ್ಲ. ಟಿವೊಂಗೆ ಹೋದಳು. ಗಂಡಸರು ಹೊರಗೆ ಮರದ ಕೆಳಗೆ, ಹೆಂಗಸರು ಒಳಗೆ. ಮೂಲೆಯಲ್ಲಿ ಚಾಪೆಯ ಮೇಲೆ ಬಿಳಿ ಬಟ್ಟೆಯ ಪುಟ್ಟ ಗಂಟು.

"ಬಂದ್ಲು ನೋಡು," ನಾಬಾಂಡಾ ಪಕ್ಕದವಳ ಕಿವಿಯಲ್ಲಿ ಉಸುರಿದಳು. "ನಾನು ಅವತ್ತೇ ಹೇಳ್ಲಿಲ್ವಾ?"

ಟಿವೊಂಗೆ ಹೊಸ್ತಿಲಲ್ಲೇ ಮಂಡಿಯೂರಿದಳು. ಒಳಗೆ ಹೋಗುವ ಧೈರ್ಯವಾಗಲಿಲ್ಲ.

ಎನೆಲೇಸಿ ಅಜ್ಜಿ ಎದ್ದು ಬಂದು ಅವಳ ಕೈ ಹಿಡಿದಳು. "ಒಳಗೆ ಬಾ. ನಿನ್ನ ತೋಳಲ್ಲಿ ಉಸಿರು ಬಿಟ್ಟ ನನ್ನ ಮೊಮ್ಮಗ. ನೀನು ಹೊರಗಿನೋಳಲ್ಲ." ಆಮೇಲೆ ತಿರುಗಿ ದನಿ ಏರಿಸಿದಳು. "ನಾಬಾಂಡಾ, ಅಳೋಕೆ ಬಂದಿದ್ರೆ ಅಳು. ಮಾತಾಡೋಕೆ ಬಂದಿದ್ರೆ ಬೋರ್‌ವೆಲ್ ಹತ್ರ ಹೋಗು!"

ಟಿವೊಂಗೆ ಅತ್ತಳು. ಎದೆ ಬಿರಿಯುವ ಹಾಗೆ ಅತ್ತಳು.

ಹೊರಗೆ ಬಂದಾಗ ಲಾಮೆಕ್ ತಲೆ ತಗ್ಗಿಸಿ ಕೂತಿದ್ದ. ಒಮ್ಮೆಯೂ ನೋಡಲಿಲ್ಲ. 'ನನ್ನ ದ್ವೇಷಿಸ್ತಾನೆ,' ಅಂದುಕೊಂಡಳು. 'ನಾನು ಕಾಲಿಟ್ಟಿದ್ದೇ ಮಗುವನ್ನ ತಿಂತು ಅಂತ ನಂಬಿದ್ದಾನೆ.'

ಮಾರನೆಯ ವಾರವೇ ತನ್ನ ಊರ ಕಡೆಗೆ ವರ್ಗ ಮಾಡಿ ಎಂದು ಮೇಲಿನವರನ್ನು ಕೇಳಿಕೊಂಡಳು. ಅವರು ಒಪ್ಪಿದರು.

* * *

ಹೊರಡುವ ಮುಂಚಿನ ಕೊನೆಯ ತೂಕದ ದಿನ. ಸಾಲು ಕರಗಿತು, ತಕ್ಕಡಿ ಕಳಚಿದರು. ಯಾಂಕೊ ಬರಲಿಲ್ಲ. ಹಿಂದಿನ ಸಲವೂ ಬಂದಿರಲಿಲ್ಲ.

"ನಾನು ಹೋಗಿ ನೋಡ್ತೀನಿ ಸಿಸ್ಟರ್," ಗ್ರೇಶಮ್ ಮೆಲ್ಲಗೆ ಹೇಳಿದ. ಅವನೂ ಆ ಸಾವಿನ ನಂತರ ಮೊದಲಿನಂತೆ ನಗುತ್ತಿರಲಿಲ್ಲ. "ಈಗ ಎಲ್ಲ ಮಕ್ಕಳ ಪಾದಾನೂ ಒತ್ತಿ ನೋಡ್ತೀನಿ. ಆಣೆ."

"ಬೇಡ ಗ್ರೇಶಮ್. ನಾನೇ ಹೋಗ್ತೀನಿ."

ದಾರಿಯಲ್ಲಿ ಕಟ್ಟಿಗೆ ಹೊತ್ತ ನಾಬಾಂಡಾ ಎದುರಾದಳು. "ಮತ್ತೆ ಆ ಮನೆಗಾ ಸಿಸ್ಟರ್? ಇನ್ನೊಂದು ಉಳಿದಿದೆ ಅಂತಾನಾ?"

ಟಿವೊಂಗೆ ಸೈಕಲ್ ನಿಲ್ಲಿಸಿದಳು. "ಹೌದು, ಇನ್ನೊಂದು ಉಳಿದಿದೆ. ನಿಮ್ಮ ಮಾತಿನಿಂದ ಒಂದ್ಸಲ ಮನೇಲಿ ಕೂತೆ. ಇನ್ನು ಕೂರಲ್ಲ. ನಿಮ್ಮ ಮೊಮ್ಮಗನಿಗೂ ಕೆಮ್ಮಿದೆ ಅಂತ ಕೇಳಿದೆ, ಬರೋವಾಗ ನಿಮ್ಮನೆಗೂ ಬರ್ತೀನಿ. ಬಾಗಿಲು ತೆಗೆದಿರಿ."

ನಾಬಾಂಡಾ ಕಟ್ಟಿಗೆ ಸರಿಮಾಡಿಕೊಂಡು ದಾರಿ ಬಿಟ್ಟಳು.

ಅಂಗಳ ಗುಡಿಸಿರಲಿಲ್ಲ. ಲಾಮೆಕ್ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಗಡ್ಡ ಬೆಳೆದು ಮುಖ ಮುಚ್ಚಿತ್ತು. ಅವಳನ್ನು ಕಂಡು ಎದ್ದು ನಿಂತ, ಕಾಳೆಲ್ಲ ಚೆಲ್ಲಿದವು.

"ಯಾಂಕೊ ಎಲ್ಲಿ?"

ಅಜ್ಜಿ ಒಳಗಿನಿಂದ ಯಾಂಕೊಳನ್ನು ತಂದು ಅವಳ ಮಡಿಲಿಗಿಟ್ಟಳು. ಮಗನ ಮುಖ ನೋಡಿದಳು, ಟಿವೊಂಗೆಯ ಮುಖ ನೋಡಿದಳು, ಒಳಗೆ ಹೋದಳು.

ಟಿವೊಂಗೆ ಪುಟ್ಟ ಪಾದದ ಮೇಲೆ ಹೆಬ್ಬೆರಳಿಟ್ಟಳು. ಒತ್ತಿದಳು. ಕಾದಳು.

ಗುಳಿ ಉಳಿಯಲಿಲ್ಲ. ಯಾಂಕೊ ಕಚಗುಳಿಯಾಗಿ ನಕ್ಕು ಕಾಲು ಎಳೆದುಕೊಂಡಳು.

"ದೇವರೇ..." ಅವಳ ಕಣ್ಣು ತುಂಬಿತು. "ಯಾಕೆ ಕರ್ಕೊಂಡು ಬರ್ಲಿಲ್ಲ? ಇವಳನ್ನೂ..."

"ನಿಮ್ಮ ಮುಂದೆ ನಿಲ್ಲೋಕೆ ನನಗೆ ಮುಖ ಇರ್ಲಿಲ್ಲ ಸಿಸ್ಟರ್." ಲಾಮೆಕ್ ನೆಲ ನೋಡುತ್ತಲೇ ಮಾತಾಡಿದ. "ಅವತ್ತು ಕೇಳಿದ್ರಲ್ಲ, ಯಾಕೆ ಮುಚ್ಚಿದ್ರಿ ಅಂತ..."

ಅವಳು ಅವನತ್ತ ತಿರುಗಿದಳು.

"ಕಾಲು ಊದಿದ್ದು ನಾನೇ ಮೊದಲು ನೋಡಿದೆ. ಊರಿಗೆ ಗೊತ್ತಾದ್ರೆ ಏನಂತಾರೆ? ಆ ನರ್ಸ್ ಇವನ ಜೊತೆ ಮಲಗಿದ್ಲು, ಅದಕ್ಕೇ ಊದ್ತು ಅಂತಾರೆ. ನಿಮ್ಮ ಹೆಸರು ಬೀದಿಗೆ ಬರುತ್ತೆ. ಕೆಲಸ ಹೋಗುತ್ತೆ. ಎರಡು ದಿನದಲ್ಲಿ ಇಳಿಯುತ್ತೆ ಅಂದ್ಕೊಂಡು ಸಂತೆಯಿಂದ ಕಾಲುಚೀಲ ತಂದೆ. ಅಮ್ಮನಿಗೂ ಹೇಳ್ಲಿಲ್ಲ, ಸ್ನಾನ ನಾನೇ ಮಾಡಿಸ್ತಿದ್ದೆ. ಆಮೇಲೆ ಗ್ರೇಶಮ್ ತೂಕ ಹೆಚ್ಚಿದೆ ಅಂದ್ರು. ನಂಬಿಬಿಟ್ಟೆ..." ಅವನು ಮತ್ತೆ ಮೆಟ್ಟಿಲ ಮೇಲೆ ಕೂತ. "ನಿಮ್ಮನ್ನ ಉಳಿಸೋಕೆ ಹೋಗಿ ಅವನನ್ನ ಕಳ್ಕೊಂಡೆ."

ಇಷ್ಟು ದಿನ ಅವನಿಗೆ ತನ್ನ ಮೇಲೆ ದ್ವೇಷ ಅಂದುಕೊಂಡಿದ್ದಳು ಟಿವೊಂಗೆ. 'ಇವನು... ನನಗಾಗಿ...!'

"ಒಂದು ಕೇಳ್ತೀನಿ, ನಿಜ ಹೇಳಿ." ಅವನು ಮೊದಲ ಬಾರಿ ಕಣ್ಣೆತ್ತಿದ. "ನಾವು ತಪ್ಪು ಮಾಡಿಲ್ಲ. ಮುಟ್ಟಿಲ್ಲ. ಆದ್ರೆ ನನ್ನ ಮನಸ್ಸು... ಮನಸ್ಸು ನಿಮ್ಮ ಹತ್ರಾನೇ ಇತ್ತು. ಅಷ್ಟಕ್ಕೇ ಅವನು ಊದಿದ್ನಾ?"

"ಇಲ್ಲ ಲಾಮೆಕ್! ಇಲ್ಲ!" ಅವಳು ಅವನ ಎರಡೂ ಕೈ ಹಿಡಿದುಕೊಂಡಳು. "ಪ್ರೀತಿಯಿಂದ ಯಾವ ಮಗೂನೂ ಊದಲ್ಲ. ಅವನ ಮೈಗೆ ಸತ್ವ ಸಾಲದಾಯ್ತು, ಮತ್ತೆ ಮತ್ತೆ ಕಾಯಿಲೆ ಬಂತು, ಸೋತ. ನೀವು ಅವನನ್ನ ಎದೆಗೆ ಕಟ್ಕೊಂಡು ಸಾಕಿದ್ರಿ. ತಪ್ಪು... ತಪ್ಪು ನನ್ನದು ಕೂಡ."

"ನಿಮ್ಮದಾ?"

"ಕೆನ್ನೆ ತುಂಬಿದೆ, ತೂಕ ಹೆಚ್ಚಿದೆ, ಬೇಸಿಗೆಯಲ್ಲಿ ಕಾಲುಚೀಲ ಹಾಕಿದ್ದಾನೆ ಅಂತ ಗ್ರೇಶಮ್ ನನ್ನ ಮುಂದೇನೇ ಹೇಳಿದ. ನನಗೆ ಗೊತ್ತಾಗ್ಬೇಕಿತ್ತು. ಬರೀ ನರ್ಸ್ ಆಗಿದ್ದಿದ್ರೆ ಆ ಕ್ಷಣಾನೇ ಓಡಿ ಬರ್ತಿದ್ದೆ. ನಾನು ಬರ್ಲಿಲ್ಲ. ನೀವು ಬೇಡ ಅಂದ್ರಲ್ಲ ಅನ್ನೋ ನೋವಿಗೆ..."

ಇಬ್ಬರೂ ಅತ್ತರು. ಯಾಂಕೊ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿ, ಚೆಲ್ಲಿದ ಕಾಳೊಂದನ್ನು ಹೆಕ್ಕಿ ಲಾಮೆಕ್ ಬಾಯಿಗಿಟ್ಟಳು.

"ನೀವು ನಿಮ್ಮೂರಿಗೆ ಹೋಗ್ತೀರಂತೆ," ಅವನು ಕಣ್ಣೊರೆಸಿಕೊಂಡ. "ಹೋಗೋದೇ ಒಳ್ಳೇದು. ನನ್ನ ನೋಡಿದಾಗಲೆಲ್ಲ ನಿಮಗೆ ಅವನೇ ನೆನಪಾಗ್ತಾನೆ."

"ಹೌದು. ನಿಮಗೂ ನನ್ನ ನೋಡಿದ್ರೆ ಹಾಗೇ ಆಗುತ್ತೆ."

"ಆಗುತ್ತೆ."

"ನಮ್ಮೂರಲ್ಲಿ ಅವನು ಯಾರಿಗೂ ಗೊತ್ತಿಲ್ಲ ಲಾಮೆಕ್. ಅಲ್ಲಿ ಯಾರ ಹತ್ರ ಅವನ ಮಾತಾಡ್ಲಿ ನಾನು?" ಅವಳು ತಲೆಯಾಡಿಸಿದಳು. "ನಾಳೆ ಬೆಳಗ್ಗೆ ಮೇಲಿನವರಿಗೆ ಹೇಳ್ತೀನಿ, ವರ್ಗ ಬೇಡ ಅಂತ."

ಲಾಮೆಕ್ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಒಂದು ಹೇಳ್ತೀರಾ?" ಅವಳು ಪಿಸುಗುಟ್ಟಿದಳು. "ನಾನು ಬರದೆ ಇದ್ದ ದಿನಗಳಲ್ಲಿ... ಅವನು ಏನು ಮಾಡ್ತಿದ್ದ?"

ಲಾಮೆಕ್ ದಾರಿಯ ಕಡೆ ನೋಡಿದ. "ಯಾರ ಸೈಕಲ್ ಸದ್ದು ಕೇಳಿದ್ರೂ ಬಾಗಿಲ ತನಕ ತೆವಳ್ತಿದ್ದ. ನೀವಲ್ಲ ಅಂತ ಗೊತ್ತಾದ್ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿರ್ತಿದ್ದ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಭುಜಗಳು ಕುಲುಕಿದವು.

"ಹೇಳ್ಬಾರದಿತ್ತು ನಾನು..."

"ಇಲ್ಲ. ಹೇಳಿ. ಇನ್ನೂ ಹೇಳಿ. ಎಲ್ಲ ಹೇಳಿ ನನಗೆ."

"ಎಷ್ಟು ಹೊತ್ತು ಇರ್ತೀರಿ?"

"ನೀವು ಮತ್ತೆ ಹೋಗು ಅನ್ನೋ ತನಕ."

ಅವನು ಯಾಂಕೊಳನ್ನು ಇಬ್ಬರ ನಡುವೆ ಕೂರಿಸಿಕೊಂಡ. ಮೊಟ್ಟಮೊದಲ ಬಾರಿಗೆ ಅವಳ ಹೆಸರು ಹಿಡಿದು ಕರೆದ.

"ಇನ್ನು ಅನ್ನಲ್ಲ, ಟಿವೊಂಗೆ."